ಕೆಂಪು ಕೇಕಿಗೆ ಕಾಯಿಸಿದ ಹಾಲು

ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ಗೆ ಬಂದ ಎರಡನೇ ವರ್ಷ, ಜೂನ್ ತಿಂಗಳಲ್ಲಿ, ಪಕ್ಕದ ಮನೆಯ ಅಜ್ಜಿ ಪೇಪರ್ ಪ್ಲೇಟಿನಲ್ಲಿ ಒಂದು ತುಂಡು ಕೇಕ್ ತಂದುಕೊಟ್ಟರು. ಕಡು ಕೆಂಪು ಕೇಕ್, ಮೇಲೆ ಬಿಳಿ ಕ್ರೀಮ್. ರೆಡ್ ವೆಲ್ವೆಟ್ ಅಂತ ನೋಡಿದ ಕೂಡಲೇ ಗೊತ್ತಾಯಿತು. ಬಿಳಿಯದು ಕ್ರೀಮ್ ಚೀಸ್ ಅಂದುಕೊಂಡು ಬಾಯಿಗಿಟ್ಟೆ. ಅದಲ್ಲ. ಹುಳಿಯೇ ಇಲ್ಲ. ಐಸಿಂಗ್ ಸಕ್ಕರೆ ಜಾಸ್ತಿ ಹಾಕಿದಾಗ ನಾಲಿಗೆಗೆ ಹತ್ತುವ ಆ ಒಣ ಹಿಟ್ಟಿನಂಥ ರುಚಿಯೂ ಇಲ್ಲ. ಹಾಲು, ಬೆಣ್ಣೆ, ವೆನಿಲ್ಲಾ, ಅಷ್ಟೇ. ಕಡೆದ ಕೆನೆಯಷ್ಟು ಹಗುರ, ಆದರೆ ಕೆನೆಗಿಂತ ತುಂಬಿದ ರುಚಿ. ಬಾಗಿಲಲ್ಲೇ ನಿಂತು ಪೂರ್ತಿ ತಿಂದೆ.

ಮಾರನೇ ದಿನ ಪ್ಲೇಟಿನ ಬದಲಿಗೆ ಒಂದು ಡಬ್ಬಿ ಚಕ್ಕುಲಿ ತಗೊಂಡು ಹೋಗಿ ಕೇಳಿದೆ. ಹಾಲು ಮತ್ತು ಹಿಟ್ಟು ಕಾಯಿಸಿ ಮಾಡುವ ಕ್ರೀಮು, ನಮ್ಮಮ್ಮ ಇದನ್ನೇ ಮಾಡುತ್ತಿದ್ದಳು, ಕ್ರೀಮ್ ಚೀಸ್ ಎಲ್ಲ ಆಮೇಲೆ ಬಂದದ್ದು ಅಂದರು. ಅವರು ಕೇಕ್ ಮಾಡಿದ್ದು ಜೂನ್ 19ಕ್ಕೆ. ಜೂನ್‌ಟೀಂತ್ ಅನ್ನುತ್ತಾರೆ. 1865ರ ಆ ದಿನ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮರಿಗೆ ಬಿಡುಗಡೆಯಾಗಿದೆ ಅನ್ನುವ ಆದೇಶ ಹೊರಬಿತ್ತು. ಅವರ ಮನೆಯಲ್ಲಿ ಆ ದಿನ ಊಟಕ್ಕೆ ಕೆಂಪು ಬೇಕೇ ಬೇಕು. ಕೆಂಪು ಸೋಡಾ, ಕಲ್ಲಂಗಡಿ, ಕೆಂಪು ಕೇಕ್. ಹಿರಿಯರು ಸುರಿಸಿದ ರಕ್ತದ ನೆನಪು ಅದು ಅಂತ ಅವರು ಹೇಳಿದಾಗ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬರೀ ಬಣ್ಣದ ಕೇಕ್ ಅಂದುಕೊಂಡಿದ್ದೆ ಅಷ್ಟು ದಿನ.

ಅವತ್ತಿನಿಂದ ಈ ಕೇಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಮಾಡಿದೆ, ತಿಂದೆ. ಇದರಲ್ಲಿ ನಮ್ಮ ಆಸ್ಟಿನ್‌ಗೂ ಒಂದು ಪಾಲಿದೆ. ಆಗ ಇಲ್ಲಿದ್ದ ಆಡಮ್ಸ್ ಅನ್ನುವ ಎಸೆನ್ಸ್ ಕಂಪನಿ 1940ರ ದಶಕದಲ್ಲಿ ಕೆಂಪು ಬಣ್ಣದ ಬಾಟಲಿ ಮಾರುವುದಕ್ಕೆ ಅಂಗಡಿಗಳಲ್ಲಿ ಕೇಕಿನ ಚಿತ್ರ ಇಟ್ಟು, ಜೊತೆಗೆ ರೆಸಿಪಿ ಕಾರ್ಡನ್ನು ಪುಕ್ಕಟೆ ಹಂಚಿತು. ಮನೆಮನೆಗೆ ಈ ಕೇಕ್ ಹೋದದ್ದರಲ್ಲಿ ಆ ಕಾರ್ಡಿನ ಪಾತ್ರ ದೊಡ್ಡದು. ವೆಲ್ವೆಟ್ ಕೇಕ್ ಅನ್ನುವ ಹೆಸರು ಮಾತ್ರ ಅದಕ್ಕಿಂತ ಹಳೆಯದು, 19ನೇ ಶತಮಾನದ ಅಮೆರಿಕದ ಅಡುಗೆ ಪುಸ್ತಕಗಳಲ್ಲೇ ಇದೆ. ಮಖಮಲ್ಲಿನ ಹಾಗೆ ನುಣುಪು ಅನ್ನುವುದಷ್ಟೇ ಅದರ ಅರ್ಥ. ಕೆಂಪು ಸೇರಿದ್ದು ಆಮೇಲೆ. ಬಾಟಲಿ ಬಣ್ಣ ಇಲ್ಲದಿದ್ದರೂ ಈ ಕೇಕಿಗೆ ಸ್ವಲ್ಪ ಕೆಂಪು ಬರುತ್ತದೆ. ಕ್ಷಾರ ಸೇರಿಸದ ಕೋಕೋ ಪುಡಿಯಲ್ಲಿರುವ ಒಂದು ಬಣ್ಣ, ಮಜ್ಜಿಗೆ ಮತ್ತು ವಿನೆಗರ್‌ನ ಹುಳಿ ತಗುಲಿದಾಗ ಕೆಂಪಿನ ಕಡೆ ತಿರುಗುತ್ತದೆ. ಹಾಗಂತ ಕುಂಕುಮದ ಬಣ್ಣ ಬರುತ್ತದೆ ಅಂದುಕೊಳ್ಳಬೇಡಿ. ಮಣ್ಣಿನ ಮಡಕೆಯ ಬಣ್ಣ ಬಂದರೆ ಹೆಚ್ಚು. ಅಂಗಡಿಯಲ್ಲಿ ಸಿಗುವ ಕಪ್ಪು ಕೋಕೋ, ಅಂದರೆ ಡಚ್ ಪ್ರಾಸೆಸ್ ಅಂತ ಬರೆದಿರುವುದು, ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಕ್ಷಾರ ಸೇರಿಸಿರುತ್ತಾರೆ.

ಇಷ್ಟನ್ನು ಯಾಕೆ ಹೇಳಿದೆ ಅಂದರೆ, ಕ್ರೀಮ್ ಯಾವುದು ಅನ್ನುವ ಪ್ರಶ್ನೆಗೆ ಉತ್ತರ ಕೇಕಿನೊಳಗೇ ಇದೆ. ರೆಡ್ ವೆಲ್ವೆಟ್ ರುಚಿ ಹೇಗಿರುತ್ತದೆ ಅಂತ ಕಣ್ಣು ಮುಚ್ಚಿ ನೆನಪಿಸಿಕೊಳ್ಳಿ. ಚಾಕೊಲೇಟ್ ಅಲ್ಲ, ಎರಡೂವರೆ ಕಪ್ ಮೈದಾಕ್ಕೆ ಎರಡು ಚಮಚ ಕೋಕೋ ಅಷ್ಟೇ. ವೆನಿಲ್ಲಾ ಕೇಕೂ ಅಲ್ಲ. ಮಜ್ಜಿಗೆಯ ಸಣ್ಣ ಹುಳಿ, ಕೋಕೋದ ಸಣ್ಣ ಕಹಿ, ಇವೆರಡರ ನಡುವೆ ಬೆಣ್ಣೆಯ ಪರಿಮಳ. ಎಲ್ಲವೂ ಮೆಲುದನಿಯಲ್ಲಿ ಮಾತಾಡುವ ಕೇಕ್ ಇದು. ಅದರ ಮೇಲೆ ಜೋರು ಹುಳಿಯ, ಜೋರು ಸಿಹಿಯ ಕ್ರೀಮ್ ಹಚ್ಚಿದರೆ ಕೇಕ್ ಏನು ಹೇಳುತ್ತಿತ್ತು ಅನ್ನುವುದೇ ಕೇಳಿಸುವುದಿಲ್ಲ. ಕೇಕಿನಲ್ಲಿ ನಿಜವಾದ ಬಟರ್‌ಮಿಲ್ಕ್, ನಿಜವಾದ ಕೋಕೋ ಇದ್ದರೆ ನನ್ನ ಮಟ್ಟಿಗೆ ಕಾಯಿಸಿದ ಹಾಲಿನ ಕ್ರೀಮೇ ಸರಿ. ಅಮೆರಿಕದಲ್ಲಿ ಇದಕ್ಕೆ ಅರ್ಮಿನ್ ಅನ್ನುತ್ತಾರೆ. ರಾಜರ ನಿಲುವಂಗಿಗೆ ಹೊಲಿಯುತ್ತಿದ್ದ ಬಿಳಿ ತುಪ್ಪಳದ ಹೆಸರು. ಕೆಂಪು ಮಖಮಲ್ಲಿಗೆ ಬಿಳಿ ತುಪ್ಪಳದ ಅಂಚು, ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ?

ಕ್ರೀಮ್ ಚೀಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಜಾಗ ಬೇರೆ. ಕ್ಯಾರೆಟ್ ಕೇಕಿನಲ್ಲಿ ಚಕ್ಕೆ, ಬೆಲ್ಲದ ಬಣ್ಣದ ಸಕ್ಕರೆ, ವಾಲ್‌ನಟ್ ಎಲ್ಲ ಇರುತ್ತವೆ, ಆ ಗಡಸು ರುಚಿಗೆ ಕ್ರೀಮ್ ಚೀಸಿನ ಹುಳಿ ಸಾಟಿಯಾಗಿ ನಿಲ್ಲುತ್ತದೆ. ರೆಡ್ ವೆಲ್ವೆಟ್‌ಗೂ ಒಮ್ಮೊಮ್ಮೆ ಅದೇ ಬೇಕಾಗುತ್ತದೆ. ಮಜ್ಜಿಗೆ ಬದಲು ಹಾಲು ಹಾಕಿ, ಕೋಕೋ ಒಂದೇ ಚಮಚ ಹಾಕಿ, ಬಣ್ಣ ಮಾತ್ರ ಧಾರಾಳವಾಗಿ ಸುರಿದ ಕೇಕುಗಳಿರುತ್ತವಲ್ಲ, ಅವುಗಳಲ್ಲಿ ಹುಳಿಯೇ ಇರುವುದಿಲ್ಲ. ಆ ಕೊರತೆಯನ್ನು ಕ್ರೀಮ್ ಚೀಸ್ ತುಂಬುತ್ತದೆ. ಹಾಗಾಗಿ ಕ್ರೀಮ್ ಮಾಡುವ ಮೊದಲು ಕೇಕಿನ ಉಬ್ಬಿದ ತಲೆಯನ್ನು ಕತ್ತರಿಸಿ ಸಮ ಮಾಡುತ್ತೀರಲ್ಲ, ಆ ಚೂರನ್ನು ಎಸೆಯಬೇಡಿ, ಬಾಯಿಗೆ ಹಾಕಿಕೊಳ್ಳಿ. ಹುಳಿ ತಿಳಿಯುತ್ತಿದೆಯಾ? ಆಗ ಹಾಲಿನ ಕ್ರೀಮ್. ಬರೀ ಸಿಹಿ ಇದೆಯಾ? ಆಗ ಕ್ರೀಮ್ ಚೀಸ್.

ಕ್ರೀಮ್ ಚೀಸ್ ಆರಿಸಿಕೊಂಡರೆ ಅದರ ಸ್ವಭಾವ ಗೊತ್ತಿರಬೇಕು. ನಾನು ಇದನ್ನು ಕಲಿತದ್ದು 2018ರ ಏಪ್ರಿಲ್‌ನಲ್ಲಿ, ಮೈಸೂರಿನಲ್ಲಿ, ಅಣ್ಣನ ಮಗಳ ನಾಲ್ಕನೇ ಹುಟ್ಟಿದ ದಿನ. ಕೇಕ್ ಅತ್ತೆಯೇ ಮಾಡಬೇಕು ಅಂತ ಮಗು ಹಟ ಹಿಡಿದಿತ್ತು. ಡಬ್ಬಿಯಲ್ಲಿ ಬರುವ, ಬ್ರೆಡ್ಡಿಗೆ ಹಚ್ಚುವಂಥ ಕ್ರೀಮ್ ಚೀಸ್ ತಂದೆ. ಅಮೆರಿಕದಲ್ಲಿ ಅಚ್ಚಿನಲ್ಲಿ ಸಿಗುವ ಗಟ್ಟಿ ಚೀಸಿಗೂ ಇದಕ್ಕೂ ಬಹಳ ವ್ಯತ್ಯಾಸ. ಇದು ಮೊದಲೇ ಮೆತ್ತಗಿರುತ್ತದೆ. ಅದಕ್ಕೆ ಸಕ್ಕರೆ ಪುಡಿ ಸುರಿದು ಬೀಟರಿನಲ್ಲಿ ತಿರುಗಿಸಿದೆ. ಐದು ನಿಮಿಷಕ್ಕೆ ನೀರಾಯಿತು. ಗಟ್ಟಿಯಾಗಲಿ ಅಂತ ಇನ್ನಷ್ಟು ಸಕ್ಕರೆ ಹಾಕಿದೆ. ಇನ್ನೂ ನೀರಾಯಿತು. ಹಾಗೇ ಹಚ್ಚಿ ಮೇಜಿನ ಮೇಲಿಟ್ಟೆವು. ಫ್ಯಾನ್ ತಿರುಗುತ್ತಿದ್ದರೂ ಸೆಕೆ. ಮೇಣದ ಬತ್ತಿ ಹಚ್ಚುವ ಹೊತ್ತಿಗೆ ಮಗು ಕೇಕಿನ ಹತ್ತಿರ ಮುಖ ತಂದು "ಅತ್ತೆ, ಕೇಕ್ ಅಳ್ತಾ ಇದೆ" ಅಂದಳು. ನಿಜವಾಗಿಯೂ ಬದಿಯಿಂದ ಬಿಳಿ ಹನಿಗಳು ಇಳಿಯುತ್ತಿದ್ದವು. ಮೇಲಿನ ಪದರ ನಿಧಾನಕ್ಕೆ ಒಂದು ಕಡೆ ಜಾರಿತು. ಎಲ್ಲರೂ ಪ್ರೀತಿಯಿಂದ ತಿಂದರು, ಯಾರೂ ಏನೂ ಅನ್ನಲಿಲ್ಲ. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಮಗುವಿನ ನಾಲ್ಕನೇ ವರ್ಷದ ಕೇಕ್ ಮತ್ತೆ ಬರುವುದಿಲ್ಲವಲ್ಲ.

ಕಾರಣ ಆಮೇಲೆ ತಿಳಿಯಿತು. ಕೋಸಂಬರಿಗೆ ಮೊದಲೇ ಉಪ್ಪು ಹಾಕಿಟ್ಟರೆ ಸೌತೆಕಾಯಿ ನೀರು ಬಿಡುತ್ತದೆ ನೋಡಿ, ಹಾಗೇ ಇದು. ಕ್ರೀಮ್ ಚೀಸಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಸಕ್ಕರೆ ನೇರವಾಗಿ ತಗುಲಿದರೆ ಆ ನೀರನ್ನು ಹೊರಗೆಳೆಯುತ್ತದೆ, ಬೀಟರ್ ಚೀಸಿನ ಹೆಣಿಗೆಯನ್ನು ಬಿಡಿಸಿ ಅದಕ್ಕೆ ಸಹಾಯ ಮಾಡುತ್ತದೆ. ಆದ್ದರಿಂದ ಕ್ರಮ ಬದಲಾಯಿಸಬೇಕು. ಮೊದಲು 115 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು 250 ಗ್ರಾಂ ಐಸಿಂಗ್ ಸಕ್ಕರೆ ಜೊತೆ ಬಿಳಿಯಾಗುವ ತನಕ ತಿರುಗಿಸಿ. ಈಗ ಸಕ್ಕರೆಯ ಸುತ್ತ ಜಿಡ್ಡು ಕಟ್ಟಿಕೊಂಡಿರುತ್ತದೆ. ಆಮೇಲೆ 225 ಗ್ರಾಂ ಕ್ರೀಮ್ ಚೀಸನ್ನು ಫ್ರಿಜ್ಜಿನಿಂದ ತೆಗೆದ ಹಾಗೇ, ತಣ್ಣಗೇ, ಸ್ವಲ್ಪ ಸ್ವಲ್ಪ ಸೇರಿಸಿ. ಬೆರೆತ ಕೂಡಲೇ ನಿಲ್ಲಿಸಿ. ಡಬ್ಬಿಯ ಚೀಸ್ ಆದರೆ ಹಿಂದಿನ ರಾತ್ರಿ ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ ಜರಡಿ ಮೇಲಿಡಿ, ಶ್ರೀಖಂಡಕ್ಕೆ ಮೊಸರು ಕಟ್ಟುವ ಹಾಗೆ. ಇಷ್ಟೆಲ್ಲ ಮಾಡಿದರೂ ಇದು ಫ್ರಿಜ್ಜಿನ ಕೇಕೇ. ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, 32 ಡಿಗ್ರಿ ಸೆಲ್ಸಿಯಸ್ ದಾಟುವ ಸೆಕೆ ಇದ್ದರೆ ಒಂದೇ ಗಂಟೆ.

ಈಗ ನನ್ನ ಪ್ರೀತಿಯ ಹಾಲಿನ ಕ್ರೀಮಿಗೆ ಬರುತ್ತೇನೆ. ಬೇಕಾದದ್ದು ಎಲ್ಲರ ಮನೆಯಲ್ಲೂ ಇರುವುದೇ. ಒಂದು ಕಪ್ ಗಟ್ಟಿ ಹಾಲು, ಐದು ದೊಡ್ಡ ಚಮಚ ಮೈದಾ, 200 ಗ್ರಾಂ ಸಕ್ಕರೆ, 225 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಚಿಟಿಕೆ ಉಪ್ಪು, ವೆನಿಲ್ಲಾ. ಐಸಿಂಗ್ ಸಕ್ಕರೆ ಬೇಡ, ದಿನಾ ಕಾಫಿಗೆ ಹಾಕುವ ಸಕ್ಕರೆಯೇ ಸಾಕು. ಕಾಳು ದಪ್ಪ ಇದ್ದರೆ ಮಿಕ್ಸಿಗೆ ಒಂದು ಸುತ್ತು ಹಾಕಿ.

ಅಜ್ಜಿ ನನಗೆ ಇದನ್ನು ಮೊದಲ ಸಲ ತೋರಿಸಿಕೊಟ್ಟಾಗ ಅವರ ಒಲೆ ಮುಂದೆ ನಿಂತವಳಿಗೆ ಏನೋ ಗುರುತಿನ ವಾಸನೆ. ತಣ್ಣನೆ ಹಾಲಿಗೆ ಮೈದಾ ಹಾಕಿ ಗಂಟಿಲ್ಲದ ಹಾಗೆ ಕದಡುವುದು, ಸಣ್ಣ ಉರಿ, ಬಿಡದೆ ಕೈಯಾಡಿಸುವುದು, ಇದ್ದಕ್ಕಿದ್ದ ಹಾಗೆ ತಳದಿಂದ ಗಟ್ಟಿಯಾಗುತ್ತಾ ಬರುವುದು. ಎಲ್ಲಿ ನೋಡಿದ್ದೆ ಇದನ್ನು? ಆ ವರ್ಷವೇ ಊರಿಗೆ ಹೋದಾಗ ಅಡುಗೆಮನೆಯಲ್ಲಿ ಮಾಡುತ್ತಿದ್ದೆ, ಅಮ್ಮ ಪಕ್ಕದಲ್ಲಿ ಕಾಯಿ ತುರಿಯುತ್ತಾ ಪಾತ್ರೆಯೊಳಗೆ ಇಣುಕಿ "ಅಯ್ಯೋ, ಇದು ಮಣ್ಣಿ ಕಣೇ" ಅಂದರು. ಹೌದು. ಮಕ್ಕಳಿಗೆ ರಾಗಿ ಹಿಟ್ಟಿನಲ್ಲಿ ಮಾಡುವ ಮಣ್ಣಿ. ಅಮ್ಮ ನನ್ನ ಕೈಯಿಂದ ಸೌಟು ತಗೊಂಡು ಮುಂದಿನದ್ದನ್ನು ಅವರೇ ಮಾಡಿದರು. ಹೇಳಿಕೊಡುವುದೇನೂ ಉಳಿದಿರಲಿಲ್ಲ. ತಳ ಹಿಡಿಯುವ ಮೊದಲೇ ಅವರ ಕೈಗೆ ಗೊತ್ತಾಗುತ್ತದೆ.

ಇಲ್ಲಿ ಅವಸರ ಮಾಡುವವರು ಎಡವುವುದು ಎರಡು ಕಡೆ. ಒಂದು, ಹಿಟ್ಟು ಬೇಯುವ ಮೊದಲೇ ಇಳಿಸುವುದು. ಗಟ್ಟಿಯಾಯಿತು ಅಂತ ಕಂಡ ಮೇಲೂ ಒಂದೆರಡು ನಿಮಿಷ ಕುದಿಯಬೇಕು, ಇಲ್ಲದಿದ್ದರೆ ಹಸಿ ಮೈದಾ ವಾಸನೆ ಕೇಕಿನ ತನಕ ಬರುತ್ತದೆ. ಸೌಟಿನಿಂದ ಪಾತ್ರೆಯ ತಳದಲ್ಲಿ ಗೆರೆ ಎಳೆದರೆ ಆ ಗೆರೆ ಕೂಡಲೇ ಮುಚ್ಚಿಕೊಳ್ಳಬಾರದು. ಇನ್ನೊಂದು, ಬಿಸಿ ಇರುವಾಗಲೇ ಬೆಣ್ಣೆಗೆ ಸೇರಿಸುವುದು. ಬೆಣ್ಣೆ 32 ಡಿಗ್ರಿ ಆಸುಪಾಸಿನಿಂದಲೇ ಕರಗಿ ಹರಿಯಲು ಶುರುವಾಗುತ್ತದೆ. ಉಗುರು ಬೆಚ್ಚಗಿನ ಮಣ್ಣಿ ಬಿದ್ದರೂ ಸಾಕು, ಬೆಣ್ಣೆ ಎಣ್ಣೆಯಾಗುತ್ತದೆ. ಹಾಗಾಗಿ ಮಣ್ಣಿಯನ್ನು ತಟ್ಟೆಗೆ ಸುರಿದು, ಮೇಲೆ ಕೆನೆ ಕಟ್ಟದ ಹಾಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಪೂರ್ತಿ ಆರಲು ಬಿಡಿ. ನಿಮ್ಮ ಮುಂಗೈಗೆ ತಗುಲಿಸಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. ಆಮೇಲೆ ಬೆಣ್ಣೆ ಮತ್ತು ಸಕ್ಕರೆಯನ್ನು ಐದಾರು ನಿಮಿಷ ಚೆನ್ನಾಗಿ ತಿರುಗಿಸಿ, ಅದಕ್ಕೆ ಮಣ್ಣಿಯನ್ನು ಚಮಚ ಚಮಚವಾಗಿ ಹಾಕುತ್ತಾ ಬನ್ನಿ. ನಡುವೆ ಒಂದು ಹೊತ್ತಿನಲ್ಲಿ ಒಡೆದ ಹಾಲಿನ ಹಾಗೆ ಕಾಣುತ್ತದೆ. ಹೆದರಬೇಡಿ. ನಿಲ್ಲಿಸಲೂ ಬೇಡಿ. ತಿರುಗಿಸುತ್ತಲೇ ಇದ್ದರೆ ಕೂಡಿಕೊಂಡು ನುಣ್ಣಗಾಗುತ್ತದೆ. ಕೂಡದೆ ತೆಳ್ಳಗೆ ಹರಿಯುತ್ತಿದ್ದರೆ ಬಿಸಿ ಜಾಸ್ತಿಯಾಗಿದೆ ಅಂತ ಅರ್ಥ, ಪಾತ್ರೆ ಸಮೇತ ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ಮತ್ತೆ ತಿರುಗಿಸಿ.

ಮನೆಯಲ್ಲಿ ಮೊಸರು ಕಡೆದು ತೆಗೆದ ಬೆಣ್ಣೆ ಹಾಕಬಹುದಾ ಅಂತ ಅಮ್ಮ ಕೇಳಿದರು. ಹಾಕಿ ನೋಡಿದೆವು. ಪರಿಮಳ ಅದ್ಭುತ. ಆದರೆ ಅದರಲ್ಲಿ ನೀರಿನ ಅಂಶ ಪ್ರತಿ ಸಲ ಬೇರೆ ಬೇರೆ, ತಣ್ಣೀರಿನಲ್ಲಿ ತೊಳೆದು ಅಂಗೈಯಲ್ಲಿ ಒತ್ತಿ ಒತ್ತಿ ನೀರು ತೆಗೆಯದಿದ್ದರೆ ಕ್ರೀಮ್ ಒಡೆಯುತ್ತದೆ. ಸಮಯ ಇದ್ದವರು ಮಾಡಿ. ಇಲ್ಲದವರಿಗೆ ನಂದಿನಿಯ ಉಪ್ಪಿಲ್ಲದ ಬೆಣ್ಣೆ ಸಾಕು, ನಾನು ಊರಿನಲ್ಲಿ ಅದನ್ನೇ ಬಳಸುವುದು.

ಈ ಕ್ರೀಮ್ ಸೆಕೆಯಲ್ಲಿ ಕರಗುವುದೇ ಇಲ್ಲ ಅಂತ ಹೇಳಲಾರೆ, ಬೆಣ್ಣೆ ಬೆಣ್ಣೆಯೇ. ಆದರೆ ಹಾಲಿನ ನೀರನ್ನೆಲ್ಲ ಬೆಂದ ಮೈದಾ ಹಿಡಿದಿಟ್ಟುಕೊಂಡಿರುವುದರಿಂದ ಅದು ಅಳುವುದಿಲ್ಲ, ಜಾರುವುದಿಲ್ಲ, ಮೆತ್ತಗಾಗುತ್ತದೆ ಅಷ್ಟೇ. ಟೆಕ್ಸಾಸ್‌ನ ಜೂನ್ ಬಿಸಿಲಿಗೆ ಅಜ್ಜಿ ಬೆಣ್ಣೆಯ ಅರ್ಧ ಪಾಲಿಗೆ ಶಾರ್ಟನಿಂಗ್ ಹಾಕುತ್ತಾರೆ, ನಮ್ಮ ವನಸ್ಪತಿಯಂಥ ಗಟ್ಟಿ ಕೊಬ್ಬು. 1943ರಲ್ಲಿ ಯುದ್ಧದ ಕಾಲಕ್ಕೆ ಇಲ್ಲಿ ಬೆಣ್ಣೆಗೂ ರೇಷನ್ ಬಂದಿತ್ತು, ಆಗ ಅವರ ತಾಯಿ ಕಲಿತ ರೂಢಿಯಂತೆ ಅದು. ನಾನು ಮಾತ್ರ ಪೂರ್ತಿ ಬೆಣ್ಣೆಯನ್ನೇ ಹಾಕಿ, ತಿನ್ನುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುತ್ತೇನೆ. ರುಚಿಯಲ್ಲಿ ವ್ಯತ್ಯಾಸ ಇದೆ.

ನಮ್ಮ ಊರಿನ ಬೇಕರಿಗಳಲ್ಲಿ ರೆಡ್ ವೆಲ್ವೆಟ್ ಪೇಸ್ಟ್ರಿ ಮೇಲೆ ಹೆಚ್ಚಾಗಿ ಇರುವುದು ಇವೆರಡೂ ಅಲ್ಲ, ವಿಪ್ಪಿಂಗ್ ಕ್ರೀಮ್. ಹೆಸರು ಕ್ರೀಮ್ ಆದರೂ ಬಹುಪಾಲು ಅದು ಗಿಡದೆಣ್ಣೆಯ ಕೊಬ್ಬಿನಿಂದ ಮಾಡಿದ್ದು. ಸೆಕೆಗೆ ನಿಲ್ಲುತ್ತದೆ, ಹೂ ಬಿಡಿಸಲು ಸುಲಭ, ಬೆಲೆ ಕಡಿಮೆ. ದಿನಕ್ಕೆ ನೂರಾರು ತುಂಡು ಮಾರುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಒಂದೇ ಒಂದು ಕೇಕ್ ಮಾಡುವವರಿಗೆ ಆ ಕಷ್ಟ ಇಲ್ಲವಲ್ಲ. ತಿಂದ ಮೇಲೆ ಅಂಗುಳಿಗೆ ಅಂಟಿಕೊಂಡು ಉಳಿಯುವ ಜಿಡ್ಡು ಅದರಲ್ಲಿ ಇರುತ್ತದೆ. ಈ ಕೇಕಿಗೆ ಅದನ್ನು ಹಚ್ಚಬೇಡಿ ಅಂತ ಕೇಳಿಕೊಳ್ಳುತ್ತೇನೆ.

2024ರ ಅಕ್ಟೋಬರ್‌ನಲ್ಲಿ ಅಮ್ಮ ಫೋನ್ ಮಾಡಿ ಇನ್ನು ಆ ಕೆಂಪು ಕೇಕ್ ಮಾಡಬೇಡ ಅಂದರು. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಬೇಕರಿಗಳ 235 ಕೇಕ್ ಮಾದರಿ ಪರೀಕ್ಷೆ ಮಾಡಿ, 12ರಲ್ಲಿ ಕೃತಕ ಬಣ್ಣ ಅಪಾಯದ ಮಟ್ಟದಲ್ಲಿದೆ ಅಂತ ಹೇಳಿತ್ತು. ರೆಡ್ ವೆಲ್ವೆಟ್ ಹೆಸರೇ ಪೇಪರಿನಲ್ಲಿ ಬಂದಿತ್ತು. ಅಮ್ಮನ ಈ ಭಯಕ್ಕೆ ಇಲ್ಲೂ ಹಳೆಯ ನೆಂಟಸ್ತಿಕೆ ಇದೆ. 1976ರಲ್ಲಿ ಅಮೆರಿಕ ಸರ್ಕಾರ ರೆಡ್ 2 ಅನ್ನುವ ಬಣ್ಣವನ್ನು ನಿಷೇಧಿಸಿದಾಗ ಜನ ಕೆಂಪು ತಿಂಡಿಗಳಿಗೇ ಹೆದರಿದ್ದರು, ಎಂ ಆಂಡ್ ಎಂ ಮಿಠಾಯಿಯಲ್ಲಿ ಆ ಬಣ್ಣ ಇಲ್ಲದೇ ಇದ್ದರೂ ಕೆಂಪು ಮಿಠಾಯಿಯನ್ನೇ ನಿಲ್ಲಿಸಿ, ಮತ್ತೆ ತಂದದ್ದು 1987ರಲ್ಲಿ.

ನಾನು ಕೇಕ್ ಬಿಡಲಿಲ್ಲ, ಬಣ್ಣ ಬಿಟ್ಟೆ. ಬೀಟ್‌ರೂಟ್ ಬೇಯಿಸಿ ರುಬ್ಬಿ ಹಾಕಿದೆ. ಅಡುಗೆ ಸೋಡಾ ತಗುಲಿದರೆ ಬೀಟ್‌ರೂಟ್ ಕಂದಾಗುತ್ತದೆ, ಆದ್ದರಿಂದ ಸೋಡಾ ಕಡಿಮೆ ಮಾಡಿ ನಿಂಬೆಹಣ್ಣು ಹಿಂಡಿದೆ. ಬಂದದ್ದು ಇಟ್ಟಿಗೆ ಬಣ್ಣ. ನನಗೆ ಅದು ಇಷ್ಟವೇ ಆಯಿತು. ಆದರೆ ಹಾಲಿನ ಕ್ರೀಮ್ ಹಚ್ಚಿ ತಿಂದಾಗ ಏನೋ ಸರಿಯಿಲ್ಲ. ಬೀಟ್‌ರೂಟಿಗೆ ಒಂದು ಮಣ್ಣಿನ ವಾಸನೆ ಇರುತ್ತದಲ್ಲ, ಸೌಮ್ಯವಾದ ಹಾಲಿನ ಕ್ರೀಮ್ ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತಿತ್ತು. ಪಲ್ಯಕ್ಕಾದರೆ ನಾವು ನಿಂಬೆಹುಳಿ ಹಿಂಡುತ್ತೇವೆ. ಈ ಕೇಕಿಗೂ ಮೇಲಿನಿಂದ ಹುಳಿ ಬೇಕಿತ್ತು. ಅಷ್ಟು ವರ್ಷ ಕ್ರೀಮ್ ಚೀಸ್ ಬೇಡ ಅನ್ನುತ್ತಿದ್ದವಳು ನಾನೇ ಅದನ್ನು ಹುಡುಕಿಕೊಂಡು ಹೋದೆ.

ಆದರೂ ಮಣ್ಣಿಯನ್ನು ಬಿಡಲಿಲ್ಲ. ಬೆಣ್ಣೆಯನ್ನು 180 ಗ್ರಾಂಗೆ ಇಳಿಸಿ, ಎಲ್ಲವೂ ಕೂಡಿ ನುಣ್ಣಗಾದ ಮೇಲೆ, ಕೊನೆಯಲ್ಲಿ 120 ಗ್ರಾಂ ತಣ್ಣನೆಯ ಕ್ರೀಮ್ ಚೀಸ್ ಸೇರಿಸಿದೆ. ಹುಳಿ ಬಂತು. ಮೈದಾ ನೀರನ್ನು ಹಿಡಿದುಕೊಂಡಿದ್ದರಿಂದ ಕ್ರೀಮ್ ಗಟ್ಟಿಯಾಗಿಯೇ ನಿಂತಿತು, ಸಿಹಿಯೂ ಮಿತಿಯಲ್ಲಿತ್ತು. ಕಳೆದ ಸಲ ಮೈಸೂರಿಗೆ ಹೋದಾಗ ಇದನ್ನೇ ಮಾಡಿದೆ. ಅಣ್ಣನ ಮಗಳಿಗೆ ಈಗ ಹನ್ನೊಂದು ವರ್ಷ. ಮೇಜಿನ ಮೇಲೆ ಒಂದು ಗಂಟೆ ಇದ್ದರೂ ಕೇಕ್ ಹಾಗೇ ಇತ್ತು. ಅವಳಿಗೆ ಆ ಹಳೆಯ ಕೇಕ್ ನೆನಪಿಲ್ಲ. ಅಮ್ಮ ಮಾತ್ರ ಬದಿಗೆ ಬೆರಳು ತಾಗಿಸಿ ನೋಡಿ, ನನ್ನ ಕಡೆ ತಿರುಗಿ ತಲೆಯಾಡಿಸಿದರು.

ಈ ವರ್ಷ ಜೂನ್ 18ರ ಸಂಜೆ ಪಕ್ಕದ ಮನೆಯ ಅಜ್ಜಿ ಕರೆದರು. ಭುಜ ನೋವು, ಅಷ್ಟು ಹೊತ್ತು ಕೈಯಾಡಿಸಲು ಆಗುತ್ತಿಲ್ಲ, ನೀನು ಮಾಡುತ್ತೀಯಾ ಅಂತ. ಅವರ ಕೇಕಿನಲ್ಲಿ ಬಟರ್‌ಮಿಲ್ಕ್ ಇದೆ, ಕೋಕೋ ಇದೆ, ಅವರ ತಾಯಿ ಹಾಕುತ್ತಿದ್ದಷ್ಟೇ ಬಣ್ಣವೂ ಇದೆ. ಅದಕ್ಕೆ ಹಾಲಿನ ಕ್ರೀಮೇ ಆಗಬೇಕು. ಅವರ ಒಲೆ, ಅವರ ಸವೆದ ಮರದ ಸೌಟು. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಗಟ್ಟಿಯಾಗುತ್ತಾ ಬಂತು. ನಾನು ಅವರ ಮುಖ ನೋಡಿದೆ. ಇನ್ನೂ ಆಗಿಲ್ಲ ಅಂದರು. ಮತ್ತೆ ಒಂದು ನಿಮಿಷ. ಮತ್ತೆ ನೋಡಿದೆ. ಇನ್ನೂ ಇಲ್ಲ. ಸೌಟಿನಿಂದ ತಳದಲ್ಲಿ ಗೆರೆ ಎಳೆದೆ, ಗೆರೆ ಹಾಗೇ ಉಳಿಯಿತು. ಅವರು ಬಗ್ಗಿ ನೋಡಿ, ಹೂಂ, ಈಗ ಇಳಿಸು ಅಂದರು.